ಸಿಕಮೋರ್ ಬೀದಿಯ ಬಲಮಗ್ಗುಲು

ಆರ್ಲೆತಾ ಸ್ಪ್ರೂಯಿಲ್‌ಗೆ ಕೋರ್ಟಿನ ಕೇಸು ಹೊರಿಸಿದ ಕೆಲಸ ಒಂದೇ ಒಂದು: ಮನೆ ಬಿಟ್ಟು ಎಲ್ಲಿಗೂ ಹೋಗಬಾರದು.

ಕೇಳುವುದಕ್ಕೆ ಇದೇನು ಮಹಾ ಕೆಲಸವಲ್ಲ. ಕಾಲ್ಚೀಲದ ಮಿಲ್ಲಿನಲ್ಲಿ ಅರ್ಧ ಆಯುಷ್ಯ ನಿಂತು, ಮಿಲ್ಲು ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿ, ಗಂಡನನ್ನೂ ಮಣ್ಣು ಮಾಡಿ, ಈಗಷ್ಟೇ ಕಾಲು ಚಾಚಿ ಕೂತ ಹೆಂಗಸಿಗೆ ‘ಇದ್ದಲ್ಲೇ ಇರು’ ಎನ್ನುವುದು ಉಪಕಾರವೇ ಸರಿ ಎಂದು ಯಾರಾದರೂ ಅಂದುಕೊಂಡಾರು. ಆದರೆ ಆ ಹೊತ್ತಿಗೆ ಆರ್ಲೆತಾಳ ಪಿಂಗಾಣಿ ತಟ್ಟೆಗಳೆಲ್ಲ ಹಳೇ ಪೇಪರು ಸುತ್ತಿಸಿಕೊಂಡು ಪೆಟ್ಟಿಗೆ ಸೇರಿಬಿಟ್ಟಿದ್ದವು. ಸಮುದ್ರದ ಕಡೆ ಇದ್ದ ಅಕ್ಕ ಕ್ಲಿಯೋಟಾ ತನ್ನ ಹಿಂದಿನ ಕೋಣೆಗೆ ತಿಳಿಹಳದಿ ಬಣ್ಣ ಹೊಡೆಸಿ, ಕಿಟಕಿಗೆ ಪರದೆ ಕಟ್ಟಿ, ಬಾ ಬಾ ಎಂದು ತಂಗಿಯ ಜೀವ ತಿನ್ನುತ್ತಿದ್ದಳು. ಅವಳೂ ಒಂಟಿ, ಇವಳೂ ಒಂಟಿ. ಬೆಳಿಗ್ಗೆ ಕೂತು ಒಟ್ಟಿಗೆ ಕಾಫಿ ಕುಡಿಯುವುದು, ಸಂಜೆ ಕೂತು ಒಟ್ಟಿಗೆ ಟಿವಿಯನ್ನು ಬೈಯುವುದು, ಇಷ್ಟೇ ಇಬ್ಬರ ಆಸೆ.

ಅಷ್ಟರಲ್ಲಿ ರಾಜಧಾನಿಯಿಂದ ಮಿಸ್ ಹಾಲ್ಪರ್ನ್ ಎಂಬ ವಕೀಲೆ ಬಂದಳು. ಸಣ್ಣ ವಯಸ್ಸು, ನಿದ್ದೆಗೆಟ್ಟ ಕಣ್ಣು, ಕಂಕುಳಲ್ಲೊಂದು ನಕ್ಷೆ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ ಬೆರಳಿಟ್ಟು ತೋರಿಸಿದಳು. ರಾಜ್ಯದ ಶಾಸನಸಭೆಯ ಕ್ಷೇತ್ರಗಳನ್ನು ಬೇರೆ ಮಾಡುವ ಗೆರೆ ಊರೆಲ್ಲ ಸುತ್ತಿಕೊಂಡು ಬಂದು ಸಿಕಮೋರ್ ಬೀದಿಯ ನಟ್ಟನಡುವೆ ಹಾದುಹೋಗಿತ್ತು. ಎಡಮಗ್ಗುಲಿನ ಮನೆಗಳು ಒಂದು ಕ್ಷೇತ್ರ, ಬಲಮಗ್ಗುಲಿನವು ಇನ್ನೊಂದು.

“ಇದು ನಂಗೊತ್ತಿಲ್ದೇ ಇರೋದಾ?” ಅಂದಳು ಆರ್ಲೆತಾ. “ಎದುರುಮನೆ ಥರ್ಮನ್ ದಿನಾ ಹಂಗಿಸ್ತಾನೆ. ಒಂದು ಲೋಟ ಸಕ್ಕರೆ ಕೇಳಕ್ಕೆ ಹೋದ್ರೆ, ‘ಮಿಸ್ ಆರ್ಲೆತಾ, ಪಾಸ್‌ಪೋರ್ಟ್ ತಂದಿದೀರಾ?’ ಅಂತಾನೆ.”

ಗೆರೆ ಎಳೆದವರ ಲೆಕ್ಕಾಚಾರ ಯಾರಿಗಾದರೂ ಅರ್ಥವಾಗುವಂಥದ್ದೇ. ಅವರ ಎದುರು ಪಕ್ಷಕ್ಕೆ, ಅಂದರೆ ನಮ್ಮ ಪಕ್ಷಕ್ಕೆ, ಓಟು ಹಾಕುವ ಜನ ಊರಲ್ಲಿ ಜಾಸ್ತಿ. ಅವರಲ್ಲಿ ಮುಕ್ಕಾಲು ಪಾಲನ್ನು ಎಡಗಡೆಯ ಒಂದೇ ಕ್ಷೇತ್ರಕ್ಕೆ ತುರುಕಿ, ಅಲ್ಲಿ ಬೇಕಾದರೆ ಬೆಟ್ಟದಷ್ಟು ಓಟಿನಿಂದ ಗೆದ್ದುಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದರು. ಉಳಿದವರನ್ನು ಕೆರೆದಂಡೆಯ ದೊಡ್ಡ ಮನೆಗಳ ಕ್ಷೇತ್ರದ ಮೇಲೆ ಉಪ್ಪಿನ ಹಾಗೆ ಉದುರಿಸಿದ್ದರು. ನಮ್ಮ ಪಕ್ಷದವರೇನು ಸಾಚಾ ಅಲ್ಲ. ಪೆನ್ನು ನಮ್ಮವರ ಕೈಯಲ್ಲಿದ್ದ ಕಾಲದಲ್ಲಿ ಅವರೂ ಇದೇ ಆಟ ಆಡಿದ್ದರು, ಆಗ ಆರ್ಲೆತಾಳೂ ಸೇರಿ ಬೀದಿಯ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಈಗ ಆದದ್ದೇನೆಂದರೆ, ಬಲಮಗ್ಗುಲಿನ ಕ್ಷೇತ್ರದಲ್ಲಿ ನಮ್ಮವರು ನಿಲ್ಲುವುದನ್ನೇ ಬಿಟ್ಟರು. ಸೋಲುವುದು ಖಚಿತವಾದ ಜಾಗಕ್ಕೆ ಯಾರು ತಾನೇ ದುಡ್ಡು ಸುರಿದಾರು? ಚುನಾವಣೆ ಬಂದಾಗಲೆಲ್ಲ, ಹತ್ತಾರು ಸ್ಥಾನಗಳಿಗೆ ಒಟ್ಟಿಗೇ ಓಟು ಹಾಕುವ ಉದ್ದನೆಯ ಮತಪತ್ರದಲ್ಲಿ ಆ ಸ್ಥಾನದ ಕೆಳಗೆ ಒಂದೇ ಹೆಸರು ಇರುತ್ತಿತ್ತು, ಅದೂ ಅವರ ಪಕ್ಷದ್ದು.

ಆರ್ಲೆತಾ ಇದಕ್ಕೆ ತನ್ನದೇ ಒಂದು ಉಪಾಯ ಹೂಡಿದ್ದಳು. ಒಂದೇ ಹೆಸರಿದ್ದರೆ, ಓಟಿನ ಗುರುತಿಗೆಂದು ಅದರ ಮುಂದೆ ಅಚ್ಚಾದ ಸೊನ್ನೆಯನ್ನು ಪೆನ್ನಿನಿಂದ ತುಂಬಬಾರದು, ಖಾಲಿ ಬಿಟ್ಟು ಮುಂದಕ್ಕೆ ಹೋಗಬೇಕು. ಚರ್ಚಿನ ಮೆಟ್ಟಿಲ ಮೇಲೆ, ಕೂದಲು ಕಟ್ಟಿಸಿಕೊಳ್ಳುವ ಅಂಗಡಿಯಲ್ಲಿ, ಬೀದಿಯ ಬಾಗಿಲು ಬಾಗಿಲಲ್ಲಿ ಇದನ್ನೇ ಹೇಳಿದಳು. “ಗೆದ್ದೋನಿಗೆ ಗೊತ್ತಾಗ್ಲಿ, ಇಷ್ಟು ಜನ ಅವನಿಗೆ ಮುಖ ತಿರುಗಿಸಿದಾರೆ ಅಂತ.” ಜನ ಅವಳ ಮಾತು ಕೇಳಿದರು. ಗೆದ್ದವನು ಮಾತ್ರ ಒಮ್ಮೆಯೂ ತಿರುಗಿ ನೋಡಿದ ಹಾಗೆ ಕಾಣಲಿಲ್ಲ. ಎದುರುಮನೆಯ ಥರ್ಮನ್ ಲಾಸಿಟರ್‌ಗೆ ಎಡಗಡೆಯಲ್ಲೂ ಒಂದೇ ಹೆಸರು, ನಮ್ಮವರದು. ಅವನು ಬೇಜಾರಿಗೆ ಪ್ರತಿಸಲವೂ, ಬೇರೆ ಹೆಸರು ಬೇಕಾದವರು ಬರೆಯಲೆಂದು ಮತಪತ್ರದಲ್ಲಿ ಬಿಟ್ಟ ಖಾಲಿ ಗೆರೆಯ ಮೇಲೆ ತನ್ನ ನಾಯಿಯ ಹೆಸರು ಬರೆದು ಬರುತ್ತಿದ್ದ.

“ಸರಿ, ನಾನೇನು ಮಾಡ್ಬೇಕು?” ಎಂದು ಆರ್ಲೆತಾ ವಕೀಲೆಯನ್ನು ಕೇಳಿದಳು.

“ಏನೂ ಮಾಡ್ಬೇಡಿ. ಇಲ್ಲೇ ಇರಿ, ಅಷ್ಟೇ. ಈ ನಕ್ಷೆ ರದ್ದು ಮಾಡ್ಸಕ್ಕೆ ಕೇಸು ಹಾಕ್ತಿದೀವಿ, ಅದಕ್ಕೆ ಪ್ರತಿಯೊಂದು ಕ್ಷೇತ್ರಕ್ಕೂ ಅಲ್ಲೇ ವಾಸ ಮಾಡೋ, ತಪ್ಪದೆ ಓಟು ಹಾಕೋ ಒಬ್ಬರು ಫಿರ್ಯಾದಿ ಬೇಕು. ನೀವು ಮನೆ ಬದಲಾಯಿಸಿದ್ರೆ ಈ ಕ್ಷೇತ್ರದ ಮಾತು ಅಲ್ಲಿಗೇ ನಿಂತುಹೋಗತ್ತೆ.”

ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲವೇ ಎಂದರೆ, ಇದ್ದರು. ವಯಸ್ಸಿನವರು ಕೆಲಸ ಎಲ್ಲಿದ್ದರೆ ಅಲ್ಲಿಗೆ ಗಂಟು ಕಟ್ಟುವವರು. ಅಂಗಡಿ ಇಟ್ಟವರಿಗೆ ಪೇಪರಿನಲ್ಲಿ ಹೆಸರು ಬಂದರೆ ಗಿರಾಕಿ ತಪ್ಪಿಹೋದೀತೆಂಬ ಭಯ. ವಕೀಲೆ ಬಾಗಿಲು ತಟ್ಟಿ ತಟ್ಟಿ ಕೊನೆಗೆ ಇಲ್ಲಿಗೆ ಬಂದಿದ್ದಳು.

“ಎಷ್ಟು ದಿನ?”

“ಒಂದೂವರೆ ವರ್ಷ. ಹೆಚ್ಚಂದ್ರೆ.”

ಭಾನುವಾರ ಮಧ್ಯಾಹ್ನದ ಫೋನಿನಲ್ಲಿ ಆರ್ಲೆತಾ ಅಕ್ಕನಿಗೆ ಹೇಳಿದಳು: “ಒಂದೇ ಒಂದು ಸಲ ಎಣಿಕೆಗೆ ಬರೋ ಓಟು ಹಾಕಿ ಬಂದ್ಬಿಡ್ತೀನಿ ಕ್ಲಿಯೋ. ಅಲ್ಲೀವರೆಗೆ ನೀನೇ ಇಲ್ಲಿಗೆ ಬಂದಿರಬಾರ್ದಾ?”

“ಆ ಊರಿಗಾ? ಹೆಣವಾಗಿ ಬಂದೇನು!”

ಕ್ಲಿಯೋಟಾ ಸುಮ್ಮನೆ ಅಂದ ಮಾತಲ್ಲ ಅದು. ವಯಸ್ಸಿನಲ್ಲಿ ಅವಳೂ ಅದೇ ಮಿಲ್ಲಿನಲ್ಲಿದ್ದು, ಕೆಲಸಗಾರರ ಸಂಘ ಕಟ್ಟಲು ಓಡಾಡಿದವಳು. ಸಂಘ ಬೇಕೋ ಬೇಡವೋ ಎಂದು ಓಟಿಗೆ ಹಾಕಿದ ದಿನ, ಬೇಕು ಬೇಕು ಎಂದು ಅವಳ ಅಡುಗೆಮನೆಯಲ್ಲಿ ಕೂತು ಉಂಡವರೇ ಕೈ ಕೊಟ್ಟರು. ಅವಳ ಕೆಲಸ ಹೋಯಿತು. ಬಸ್ಸು ಹತ್ತಿದವಳು ತಾಯಿ ತೀರಿಕೊಂಡಾಗ ಬಿಟ್ಟರೆ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಒಂದೂವರೆ ವರ್ಷ ಕಳೆಯಿತು, ಕೇಸು ಇನ್ನೂ ಶುರುವಿನಲ್ಲೇ ಇತ್ತು. ಆರ್ಲೆತಾಳ ಹೇಳಿಕೆ ತೆಗೆದುಕೊಳ್ಳಲು ನಕ್ಷೆ ಬರೆದವರ ಕಡೆಯ ವಕೀಲ ಬಂದ. ಬೂಟು ಹೊಳೆಯುತ್ತಿತ್ತು, ಮಾತು ಬಹಳ ಮರ್ಯಾದೆಯದು, ಊರವರು ಸಲುಗೆಯಿಂದ ಕರೆಯುವ ‘ಮಿಸ್ ಆರ್ಲೆತಾ’ ಅವನ ಬಾಯಲ್ಲಿ ಬರಲಿಲ್ಲ.

“ಓಟು ಹಾಕದ ಹಾಗೆ ನಿಮ್ಮನ್ನ ಯಾರಾದ್ರೂ ತಡೆದ್ರಾ, ಮಿಸೆಸ್ ಸ್ಪ್ರೂಯಿಲ್?”

“ಇಲ್ಲ.”

“ಮತಗಟ್ಟೆಯ ಬಾಗಿಲು ತೆರೆದಿತ್ತಾ?”

“ತೆರೆದಿತ್ತು ಸ್ವಾಮಿ. ಊಟಕ್ಕೆ ಕರೆದು ಬಾಗಿಲು ತೆರೆದೇ ಇಟ್ಟಿದ್ರು. ಒಳಗೆ ಪಾತ್ರೆ ತೊಳೆದು ಬೋರಲು ಹಾಕಿದ್ರು, ಅಷ್ಟೇ.”

ಅವನು ನಗಲಿಲ್ಲ. ಒಂದು ಹಾಳೆ ಮಗುಚಿದ. “ಈ ಸ್ಥಾನದ ಸೊನ್ನೆ ಖಾಲಿ ಬಿಡ್ತಿದ್ದೆ ಅಂತ ನೀವೇ ಬರೆದುಕೊಟ್ಟಿದೀರಿ.”

“ಒಂದೇ ಹೆಸರಿತ್ತಲ್ಲ.”

“ಖಾಲಿ ಬಿಡಿ ಅಂತ ಯಾರೂ ಬಲವಂತ ಮಾಡ್ಲಿಲ್ಲ. ಅಂದ್ರೆ ಓಟು ಹಾಕದೇ ಇದ್ದದ್ದು ನಿಮ್ಮದೇ ಇಷ್ಟ.”

ಮಿಸ್ ಹಾಲ್ಪರ್ನ್ ಆಕ್ಷೇಪ ಎತ್ತಿದಳು, ಇವನು ಸರಿ ಸರಿ ಎಂದು ಮುಂದಿನ ಪ್ರಶ್ನೆಗೆ ಹೋದ. ಆದರೆ ಆ ಮಾತು ಆರ್ಲೆತಾಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಆಮೇಲಿನದು ಬರೀ ಕಾಯುವ ಕೆಲಸ. ಕೆಳಗಿನ ಕೋರ್ಟಿನಲ್ಲಿ ಗೆದ್ದರು, ಮೇಲಿನದರಲ್ಲಿ ಸೋತರು, ಇನ್ನೂ ಮೇಲಿನವರು ಮತ್ತೆ ಕೆಳಗೆ ಕಳಿಸಿದರು. ಕಂಪ್ಯೂಟರಿನಲ್ಲಿ ಸಾವಿರಗಟ್ಟಲೆ ನಕ್ಷೆ ಬರೆಸಿ ತೋರಿಸಿದ ಪ್ರೊಫೆಸರುಗಳು ಬಂದು ಹೋದರು. ನಡುವೆ ಚುನಾವಣೆಗಳೂ ಬಂದವು, ಹಳೇ ನಕ್ಷೆಯ ಮೇಲೇ ನಡೆದವು, ಒಂದೇ ಹೆಸರು, ಖಾಲಿ ಸೊನ್ನೆ. ಆರ್ಲೆತಾ ಬೇಕಾದಾಗ ಬೇಕಾದಷ್ಟು ಎಂದು ಪೆಟ್ಟಿಗೆಯಿಂದ ಒಂದೊಂದೇ ತಟ್ಟೆ ಬಿಚ್ಚಿಕೊಳ್ಳುತ್ತಿದ್ದಳು. ಮೊದಲು ಎರಡು ತಟ್ಟೆ, ಕ್ರಿಸ್ಮಸ್ಸಿಗೆ ದೊಡ್ಡ ಬೋಗುಣಿ, ಆಮೇಲೆ ಗ್ರೇವಿ ಬಟ್ಟಲು. ಒಂದು ದಿನ ನೋಡಿದರೆ ಪೆಟ್ಟಿಗೆಗಳೆಲ್ಲ ಬರಿದಾಗಿದ್ದವು, ಎಲ್ಲ ಮತ್ತೆ ಕಪಾಟಿನಲ್ಲೇ ಕೂತಿದ್ದವು. ಅದನ್ನು ನೋಡಿ ಅವಳಿಗೆ ಅಳು ಬಂತು, ಆದರೆ ಅಳಲು ಕೂಡ ಬೇಸರವಾಯಿತು.

ಕ್ಲಿಯೋಟಾ ಸ್ನಾನದ ಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡದ್ದೂ ಈ ನಡುವೆಯೇ. ಆರ್ಲೆತಾ ಓಡಿಹೋದಳು. ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ, ಅಲ್ಲೇ ಉಳಿದುಬಿಡಬೇಡಿ ಎಂದಿದ್ದಳು ವಕೀಲೆ. ಹೊಲಿಗೆ ಬಿಚ್ಚುವ ಮೊದಲೇ ಇಲ್ಲಿ ವಿಚಾರಣೆಯ ತಾರೀಕು ಬಿತ್ತು. ಅಕ್ಕನನ್ನು ದಿಂಬಿಗೆ ಒರಗಿಸಿ ಬಸ್ಸು ಹತ್ತಿದಾಗ ಆರ್ಲೆತಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಂದು ನೋಡಿದರೆ ವಿಚಾರಣೆ ಮುಂದಕ್ಕೆ ಹೋಗಿತ್ತು.

ಕೊನೆಗೊಂದು ದಿನ, ಎಲ್ಲರೂ ಕೈ ಚೆಲ್ಲಿದ ಹೊತ್ತಿಗೆ, ರಾಜ್ಯದ ದೊಡ್ಡ ಕೋರ್ಟು ಹಳೇ ನಕ್ಷೆಯನ್ನು ರದ್ದು ಮಾಡಿತು. ಕೋರ್ಟೇ ನೇಮಿಸಿದ ಒಬ್ಬರು ಹೊಸ ನಕ್ಷೆ ಬರೆದರು. ಸಿಕಮೋರ್ ಬೀದಿ ಒಂದಾಯಿತು. ಥರ್ಮನ್ ಚರ್ಚಿನ ವ್ಯಾನು ತಂದು ಆರ್ಲೆತಾಳ ಬಾಗಿಲಲ್ಲಿ ಹಾರ್ನು ಹೊಡೆದ. “ಗಡಿ ತೆಗೆದ್ಹಾಕಿದ್ರಂತೆ ಮಿಸ್ ಆರ್ಲೆತಾ, ಇನ್ಮೇಲೆ ಸಕ್ಕರೆ ಸಾಲ ಕೊಡಲ್ಲ ಅನ್ನಕ್ಕೆ ನಂಗೆ ನೆಪಾನೇ ಇಲ್ಲ!”

ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ನಡೀನ್ ಆಟ್‌ವಾಟರ್ ಎಂಬ ಹುಡುಗಿ ನಮ್ಮ ಪಕ್ಷದಿಂದ ನಿಂತಳು. ಎಷ್ಟೋ ವರ್ಷಗಳ ಮೇಲೆ ಆ ಸ್ಥಾನಕ್ಕೆ ಎರಡು ಹೆಸರು. ಚರ್ಚಿನ ಹಿತ್ತಲಲ್ಲಿ ಮೀನು ಕರಿದು ಊರಿಗೆಲ್ಲ ಬಡಿಸಿದರು. ಆರ್ಲೆತಾ ಊದಿದ ಕಾಲೆಳೆದುಕೊಂಡು ಮನೆ ಮನೆ ಸುತ್ತಿದಳು. “ಈ ಸಲ ಎರಡು ಹೆಸರು, ನೋಡ್ಕೊಂಡು ತುಂಬಿ. ಖಾಲಿ ಬಿಡ್ಬೇಡಿ, ಗೊತ್ತಾಯ್ತಾ?” ಎಂದು ಬಾಯಿ ನೋಯುವಷ್ಟು ಹೇಳಿದಳು. ಹೂಂ ಹೂಂ ಎಂದರು ಜನ.

ಓಟಿನ ದಿನ ಬೆಳಗಿನಿಂದ ಥರ್ಮನ್‌ನ ವ್ಯಾನಿನಲ್ಲಿ ಮುದುಕರನ್ನೂ ನಡೆಯಲಾಗದವರನ್ನೂ ಮತಗಟ್ಟೆಗೆ ಸಾಗಿಸುವುದೇ ಆಯಿತು. ಆರ್ಲೆತಾ ತನ್ನ ಓಟಿಗೆ ಒಳಗೆ ಹೋದಾಗ ಸಂಜೆಯಾಗುತ್ತ ಬಂದಿತ್ತು. ಮತಪತ್ರ ಎಂದಿನ ಹಾಗೆ ಮೊಳದುದ್ದ, ಹಿಂದೆ ಮುಂದೆ ಎರಡೂ ಕಡೆ ಹೆಸರು. ಹಿಂದಿನ ದಿನ ಮಿಸ್ ಹಾಲ್ಪರ್ನ್ ಫೋನು ಮಾಡಿ, “ನ್ಯಾಯಾಧೀಶರ ಹೆಸರು ಮಾತ್ರ ಮರೀಬೇಡಿ. ಅವರು ಸೋತ್ರೆ ನಕ್ಷೆ ಉಳಿಯಲ್ಲ,” ಎಂದಿದ್ದಳು. ನಮ್ಮಲ್ಲಿ ಆ ಕೋರ್ಟಿನ ನ್ಯಾಯಾಧೀಶರೂ ಓಟಿನಿಂದಲೇ ಬರಬೇಕು. ಆರ್ಲೆತಾ ನ್ಯಾಯಾಧೀಶರ ಸಾಲಿನ ಮೇಲೆ ಬೆರಳಿಟ್ಟು, ಹೆಸರನ್ನು ಮತ್ತೆ ಮತ್ತೆ ಓದಿ, ಸೊನ್ನೆಗಳನ್ನು ಕಪ್ಪಗೆ ತುಂಬಿದಳು. ಉಸಿರು ಬಿಟ್ಟು ಮುಂದಕ್ಕೆ ಹೋದಳು. ಕೊನೆಯಲ್ಲಿದ್ದ ಮಣ್ಣು ನೀರಿನ ಮಂಡಳಿಯ ಸ್ಥಾನದವರೆಗೆ ಎಲ್ಲ ಮುಗಿಸಿ ಹಾಳೆಯನ್ನು ಯಂತ್ರದ ಬಾಯಿಗೆ ಕೊಟ್ಟಳು. ಅದು ಗುಟುಕ್ಕನೆ ಒಳಗೆಳೆದುಕೊಂಡಿತು.

ವ್ಯಾನಿನಲ್ಲಿ ಥರ್ಮನ್ ತಂಪು ಚಹಾದ ಬಾಟಲಿ ಚಾಚಿದ. “ಹೇಗಿತ್ತು? ನಾನಂತೂ ನಡೀನ್ ಹೆಸರಿನ ಮುಂದೆ ಪೆನ್ನು ಒತ್ತಿ ಒತ್ತಿ ಹಾಳೆ ತೂತಾಯ್ತೇನೋ ಅಂದ್ಕೊಂಡೆ. ನನ್ನ ನಾಯಿಗೆ ಬೇಜಾರಾಗಿರತ್ತೆ, ಪಾಪ.”

ಆರ್ಲೆತಾ ನಗಲು ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು. ನ್ಯಾಯಾಧೀಶರ ಸಾಲು ನೆನಪಿತ್ತು. ಅದರ ಕೆಳಗೆ ಶಾಸನಸಭೆಯ ಸ್ಥಾನ. ಅಲ್ಲಿ ನಡೀನ್‌ಳ ಹೆಸರು ನೋಡಿದ್ದು ನೆನಪಿಲ್ಲ. ಆ ಜಾಗಕ್ಕೆ ಬಂದಾಗ ಕೈ ಎಷ್ಟೋ ವರ್ಷ ಮಾಡಿದ್ದನ್ನೇ ಮಾಡಿತ್ತು. ಪೆನ್ನು ಎತ್ತಿ, ಒಂದು ಜಾಗ ಹಾರಿ, ಕೆಳಗೆ ಊರಿತ್ತು.

ಅವಳು ವ್ಯಾನಿನ ಬಾಗಿಲು ತೆಗೆದು ಇಳಿದು ಮತ್ತೆ ಮತಗಟ್ಟೆಯ ಒಳಗೆ ಹೋದಳು. ಮೇಜಿನ ಬಳಿ ಕೂತಿದ್ದವಳು ಅವಳ ಕೈಯಲ್ಲಿ ಶಾಲೆಯ ಊಟ ಉಂಡು ಬೆಳೆದವಳೇ.

“ಏನಾದ್ರೂ ಮರೆತ್ರಾ ಮಿಸ್ ಆರ್ಲೆತಾ?”

ಯಂತ್ರ ನುಂಗಿದ್ದನ್ನು ವಾಪಸು ಕೊಡುವುದಿಲ್ಲ ಎಂದು ಆರ್ಲೆತಾಳಿಗೆ ಗೊತ್ತಿತ್ತು. “ಕನ್ನಡಕ ಬಿಟ್ಟೆನೇನೋ ಅಂತ,” ಅಂದಳು.

“ಮೂಗಿನ ಮೇಲೇ ಇದೆಯಲ್ಲ!”

“ಇದೆ ಅಲ್ವಾ,” ಅಂದು ಹೊರಗೆ ಬಂದಳು.

ನಡೀನ್ ಸೋತಳು. ಅಂತರ ಎಷ್ಟು ಸಣ್ಣದೆಂದರೆ, ಅಷ್ಟು ಜನರನ್ನು ನಮ್ಮ ಚರ್ಚಿನಲ್ಲಿ ಕೂರಿಸಿದರೆ ಹಿಂದಿನ ಬೆಂಚುಗಳು ಖಾಲಿ ಉಳಿಯುತ್ತವೆ. ಒಂದು ವಾರ ಕಳೆದು ಅವಳು ಕಡುಬಿನ ತಟ್ಟೆ ಹಿಂದಿರುಗಿಸುವ ನೆಪದಲ್ಲಿ ಆರ್ಲೆತಾಳ ಮನೆಗೆ ಬಂದಳು. ಅತ್ತು ಅತ್ತು ಮುಖ ಬಾತಿತ್ತು.

“ಎಣಿಕೆಯ ಲೆಕ್ಕ ನೋಡಿದ್ರೆ, ಬಲಮಗ್ಗುಲಿನಲ್ಲಿ ಈ ಸ್ಥಾನ ಖಾಲಿ ಬಿಟ್ಟವರು ನಾನು ಸೋತಿದ್ದಕ್ಕಿಂತ ಜಾಸ್ತಿ ಇದಾರೆ, ಮಿಸ್ ಆರ್ಲೆತಾ. ಮೇಲೆ ತುಂಬಿದಾರೆ, ಕೆಳಗೆ ತುಂಬಿದಾರೆ, ನನ್ನ ಹೆಸರು ಮಾತ್ರ ಬಿಟ್ಟಿದಾರೆ. ಅವರ ಮಕ್ಕಳಿಗೆ ಪಾಠ ಹೇಳಿದೀನಿ. ನಾನೇನು ತಪ್ಪು ಮಾಡಿದ್ದೆ ಅವರಿಗೆ?”

“ನೀನೇನೂ ಮಾಡಿಲ್ಲ ಕಣಮ್ಮ,” ಅಂದಳು ಆರ್ಲೆತಾ. “ಅವರ ಕೈಗೆ ಅದು ರೂಢಿಯಾಗಿಹೋಗಿದೆ.” ಆ ರೂಢಿ ಮಾಡಿಸಿದವಳು ನಾನೇ, ಬಿಟ್ಟವರಲ್ಲಿ ನಾನೂ ಒಬ್ಬಳು ಎನ್ನುವುದು ನಾಲಿಗೆಯ ತುದಿಯವರೆಗೆ ಬಂತು. ನಡೀನ್‌ಗೆ ಇನ್ನೊಂದು ತುಂಡು ಕಡುಬು ಬಡಿಸಿದಳು.

ಮಿಸ್ ಹಾಲ್ಪರ್ನ್ ಹೆದರಿದ ಹಾಗೇ ನ್ಯಾಯಾಧೀಶರೂ ಸೋತರು. ಹೊಸಬರು ಬಂದು ಕೂತ ಮೇಲೆ ಅದೇ ಕೇಸನ್ನು ಮತ್ತೆ ತೆಗೆಸಿದರು. ಕ್ಷೇತ್ರದ ಗೆರೆ ಎಳೆಯುವುದು ಶಾಸನಸಭೆಯ ಕೆಲಸ, ಕೋರ್ಟು ಅದರಲ್ಲಿ ಕೈ ಹಾಕುವಂತಿಲ್ಲ ಎಂದು ತೀರ್ಪು ಬರೆದರು. ಹಳೇ ನಕ್ಷೆ ತಿರುಗಿ ಬಂತು. ಗೆರೆ ಮತ್ತೆ ಸಿಕಮೋರ್ ಬೀದಿಯ ನಡುವೆ ಮಲಗಿತು. ಆರ್ಲೆತಾ ಇಷ್ಟು ವರ್ಷ ಮನೆ ಕಾದು ಗಳಿಸಿದ್ದು ಒಂದು ಚುನಾವಣೆ. ಅದರಲ್ಲೂ ಆ ಸ್ಥಾನಕ್ಕೆ ಅವಳು ಓಟು ಹಾಕಲಿಲ್ಲ. ಹೊಳೆಯುವ ಬೂಟಿನ ವಕೀಲ ಅಂದದ್ದು ನೆನಪಾಗಿ, ಒಮ್ಮೊಮ್ಮೆ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ನಿಂತುಬಿಡುತ್ತಿದ್ದಳು.

ಒಂದು ಶನಿವಾರ ಮಿಸ್ ಹಾಲ್ಪರ್ನ್ ಫೋನು ಮಾಡಿದಳು. ಅವಳ ದನಿಯೂ ಈಗ ದಣಿದಿತ್ತು. ಬೇರೆ ಕೋರ್ಟು, ಬೇರೆ ಕಾನೂನು, ಹೊಸ ಕೇಸು. “ಬಲಮಗ್ಗುಲಿನಿಂದ ಒಬ್ಬರು ಬೇಕು. ನಿಮ್ಮನ್ನ ಕೇಳಕ್ಕೆ ನಂಗೆ ಮುಖ ಇಲ್ಲ, ಮಿಸ್ ಆರ್ಲೆತಾ. ಬೇರೆ ಯಾರೂ ಒಪ್ತಿಲ್ಲ.”

“ಎಷ್ಟು ದಿನ?”

“ಒಂದೂವರೆ...” ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಯೋಚನೆ ಮಾಡಿ ಹೇಳ್ತೀನಿ ಎಂದು ಆರ್ಲೆತಾ ಫೋನಿಟ್ಟಳು.

ಮಾರನೆಯ ದಿನ ಭಾನುವಾರ. ಕ್ಲಿಯೋಟಾ ಪ್ರತಿ ವಾರ ಕೇಳುವುದನ್ನೇ ಕೇಳಿದಳು. “ಕೇಸು ಮುಗೀತಾ?”

“ಮುಗೀತು. ಮತ್ತೆ ಶುರು ಮಾಡ್ತಾರಂತೆ.”

“ನೀನು ಹೂಂ ಅಂದಿರ್ತೀಯ.”

“ಇನ್ನೂ ಅಂದಿಲ್ಲ.” ಆರ್ಲೆತಾ ಕುರ್ಚಿ ಎಳೆದುಕೊಂಡು ಕೂತಳು. ಯಾರಿಗೂ ಹೇಳದಿದ್ದನ್ನು ಅಲ್ಲಿ ಹೇಳಿದಳು. ನ್ಯಾಯಾಧೀಶರ ಸಾಲು, ಎತ್ತಿದ ಪೆನ್ನು, ಮೂಗಿನ ಮೇಲಿದ್ದ ಕನ್ನಡಕ, ನಡೀನ್‌ಳ ಬಾತ ಮುಖ, ಎಲ್ಲ.

ಆ ಕಡೆ ಟಿವಿಯ ಸದ್ದು ನಿಂತಿತು. ಆಮೇಲೆ ಕ್ಲಿಯೋಟಾ ನಗತೊಡಗಿದಳು. ಕೆಮ್ಮು ಬರುವಷ್ಟು ನಕ್ಕಳು.

“ನಗಬೇಡ್ವೇ ಕ್ಲಿಯೋ. ಸತ್ತುಹೋಗೋಣ ಅನ್ಸತ್ತೆ ನಂಗೆ.”

“ನಗದೆ ಏನು ಮಾಡ್ಲೇ ಲೆತಾ? ಆ ಹಳದಿ ಕೋಣೆ ಧೂಳು ಹೊಡ್ಕೊಂಡು ವರ್ಷಗಟ್ಲೆ ಕೂತಿದ್ದು, ನೀನು ಹೋಗಿ ಖಾಲಿ ಬಿಟ್ಟು ಬರ್ಲಿ ಅಂತಲಾ?” ಅವಳ ನಗು ಅಲ್ಲಿಗೆ ಒಡೆಯಿತು. ಮೂಗು ಸೀಟಿಕೊಂಡ ಸದ್ದು ಕೇಳಿತು. “ನಿನ್ನ ಮನೆ ಮುಂದೆ ಮೆಟ್ಟಿಲು ಇನ್ನೂ ಹಾಗೇ ಇದೆಯಾ? ಹಿಡ್ಕೊಳ್ಳಕ್ಕೇನೂ ಇಲ್ದೆ?”

“ಯಾಕೆ?”

“ಸೊಂಟದಲ್ಲಿ ಕಬ್ಬಿಣ ಇದೆಯಲ್ಲ ನಂಗೆ. ಹಿಡಿಕೆ ಇಲ್ದೆ ಹತ್ತಕ್ಕಾಗಲ್ಲ. ಕೋರ್ಟು ಕಟ್ಟಿಹಾಕಿದ್ದು ನಿನ್ನನ್ನ. ನನ್ನನ್ನ ಯಾರೂ ಕಟ್ಟಿಹಾಕಿಲ್ಲ.”

“ಹೆಣವಾಗಿ ಬಂದೇನು ಅಂತಿದ್ದೆ.”

“ಅದಕ್ಕೂ ಇನ್ನು ಬಹಳ ದಿನ ಇಲ್ಲ, ಜೀವ ಇರೋವಾಗ್ಲೇ ಬಂದ್ಬಿಡ್ತೀನಿ. ಆ ಬೀದೀಲಿ ಒಂದು ಓಟು ಕಡಿಮೆ ಬಿದ್ದಿದೆ ಅಂದ್ಯಲ್ಲ.”

“ಹಾಕಿದ್ರೂ ಎಣಿಕೆಗೆ ಬರಲ್ಲ ಕ್ಲಿಯೋ. ನಕ್ಷೆ ಹಳೇದೇ.”

“ನಂಗೊತ್ತು,” ಅಂದಳು ಕ್ಲಿಯೋಟಾ. “ಆ ವಕೀಲೆಗೆ ಹೂಂ ಅನ್ನು. ಥರ್ಮನ್‌ಗೆ ಹೇಳಿ ಹಿಡಿಕೆ ಹಾಕಿಸು.”

ಆರ್ಲೆತಾ ಬೀದಿ ದಾಟಿ ಎದುರುಮನೆಗೆ ಹೋದಳು. ಥರ್ಮನ್ ಜಗಲಿಯಲ್ಲಿ ಕೂತು ನಾಯಿಯ ಕಿವಿ ಒರೆಸುತ್ತಿದ್ದ. “ಪಾಸ್‌ಪೋರ್ಟ್ ತಂದಿದೀರಾ ಮಿಸ್ ಆರ್ಲೆತಾ?” ಅಂದ.

“ಕ್ಲಿಯೋಟಾ ಬರ್ತಾಳಂತೆ,” ಅಂದಳು ಅವಳು. “ಮೆಟ್ಟಿಲಿಗೆ ಹಿಡಿಕೆ ಬೇಕಂತೆ.” ಅವನ ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಥರ್ಮನ್ ಅವಳನ್ನೂ, ಗೆರೆಯ ಆಚೆಗಿದ್ದ ಅವಳ ಮನೆಯ ಮೆಟ್ಟಿಲನ್ನೂ ನೋಡಿದ. ಆಮೇಲೆ ಅಳತೆಯ ಟೇಪು ಹುಡುಕಲು ಒಳಗೆ ಹೋದ.